“ಯಾವ ಟ್ಯೂಷನ್ ಹಾಕಿದ್ರಿ?”: ಗ್ರಾಮರ್ ಸ್ಕೂಲ್ ಬಗ್ಗೆ ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಯುಗಾದಿ ಕಾರ್ಯಕ್ರಮ ಮುಗಿದು ಎಲ್ಲರೂ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿರುತ್ತೇವೆ. ಬಾಡಿಗೆಗೆ ಹಿಡಿದ ಹಾಲ್, ಹೊರಗೆ ಮಳೆ. ಬಿಸಿಬೇಳೆಬಾತ್ ಇನ್ನೂ ತಟ್ಟೆಗೆ ಬಿದ್ದಿರುವುದಿಲ್ಲ, ಹಿಂದಿನಿಂದ ಯಾರೋ ಕೇಳುತ್ತಾರೆ: “ಸರ್, ನಿಮ್ಮ ಮಗಳಿಗೆ ಗ್ರಾಮರ್ ಸ್ಕೂಲ್ ಸಿಕ್ತಂತೆ. ಯಾವ ಟ್ಯೂಷನ್ ಹಾಕಿದ್ರಿ?”

ನಾವಿರುವುದು ಲಂಡನ್ ಪಕ್ಕದ ಸ್ಲೌ ಪಟ್ಟಣದಲ್ಲಿ. ಇಲ್ಲಿ ಒಂಬತ್ತು ವರ್ಷದ ಮಗು ಇರುವ ಯಾವ ಮನೆಗೆ ಹೋದರೂ ಮಾತು ಕೊನೆಗೆ ಇದಕ್ಕೇ ಬರುತ್ತದೆ. ಆದರೆ ಮಗನ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಅವನೂ ಪರೀಕ್ಷೆ ಪಾಸಾಗಿದ್ದ. ಸೀಟು ಸಿಗಲಿಲ್ಲ. ಕೇಳಬೇಕಾದ ಕಥೆ ಅವನದು.

ಈಗಷ್ಟೇ ಊರಿನಿಂದ ಬಂದವರಿಗೆ ಸ್ವಲ್ಪ ಹಿನ್ನೆಲೆ. ಗ್ರಾಮರ್ ಸ್ಕೂಲ್ ಅಂದರೆ ವ್ಯಾಕರಣ ಕಲಿಸುವ ಶಾಲೆ ಅಲ್ಲ. ಪರೀಕ್ಷೆ ಮಾಡಿ ಮಕ್ಕಳನ್ನು ಆರಿಸಿಕೊಳ್ಳುವ ಸರ್ಕಾರಿ ಶಾಲೆ. ಫೀಸ್ ಇಲ್ಲ. 1944ರ ಶಿಕ್ಷಣ ಕಾಯ್ದೆಯ ನಂತರ ಇಂಗ್ಲೆಂಡಿನಲ್ಲಿ ಹನ್ನೊಂದನೇ ವಯಸ್ಸಿಗೆ ಮಕ್ಕಳನ್ನು ಹೀಗೆ ಜರಡಿ ಹಿಡಿಯುವುದು ಬಹುತೇಕ ಎಲ್ಲ ಕಡೆ ಇತ್ತು. 1965ರಿಂದ ಒಂದೊಂದೇ ಊರು ಇದನ್ನು ಬಿಡುತ್ತಾ ಬಂತು. 1998ರ ಕಾನೂನು ಹೊಸ ಗ್ರಾಮರ್ ಶಾಲೆ ತೆರೆಯುವಂತಿಲ್ಲ ಎಂದಿತು. ಉಳಿದಿರುವುದು 163. ಕೆಂಟ್, ಬಕಿಂಗ್‌ಹ್ಯಾಮ್‌ಶೈರ್ ಕಡೆ ಜಾಸ್ತಿ, ಎಷ್ಟೋ ಊರುಗಳಲ್ಲಿ ಒಂದೂ ಇಲ್ಲ. ನಮ್ಮ ಸ್ಲೌನಲ್ಲಿ ನಾಲ್ಕಿವೆ: ಹರ್ಷೆಲ್, ಲ್ಯಾಂಗ್ಲಿ, ಅಪ್ಟನ್ ಕೋರ್ಟ್, ಸೇಂಟ್ ಬರ್ನಾರ್ಡ್ಸ್. ಇದಕ್ಕೆ ಬರೆಯುವ ಪರೀಕ್ಷೆಯನ್ನೇ ಎಲ್ಲರೂ ಇಲೆವೆನ್ ಪ್ಲಸ್ ಅನ್ನುವುದು.

ನನಗೆ ಇದು ಅಷ್ಟೇನೂ ಹೊಸದಾಗಿ ಕಾಣಲಿಲ್ಲ. ನಾನು ತಿಪಟೂರು ಕಡೆಯವನು, ಐದನೇ ಕ್ಲಾಸಿನಲ್ಲಿ ನವೋದಯ ಬರೆದಿದ್ದೆ. ಮಗನ ಪುಸ್ತಕ ತೆರೆದು ನೋಡಿದರೆ ಅದೇ ತಿರುಗಿಸಿದ ತ್ರಿಕೋನ, ಅದೇ ಕನ್ನಡಿ ಬಿಂಬ, ಅದೇ “ಗುಂಪಿಗೆ ಸೇರದ ಚಿತ್ರ ಯಾವುದು”. ನಾವು ಮಾನಸಿಕ ಸಾಮರ್ಥ್ಯ ಅನ್ನುತ್ತಿದ್ದೆವು, ಇವರು ನಾನ್ ವರ್ಬಲ್ ರೀಸನಿಂಗ್ ಅನ್ನುತ್ತಾರೆ. ಆದರೆ ನವೋದಯದಲ್ಲಿ ಮುಕ್ಕಾಲು ಭಾಗ ಸೀಟು ಹಳ್ಳಿ ಮಕ್ಕಳಿಗೆ, ಅದೂ ಹಾಸ್ಟೆಲ್ ಸಮೇತ. ಇಲ್ಲಿ ಹಾಗಲ್ಲ. ಇಲ್ಲಿ ಎಷ್ಟೋ ಶಾಲೆಗಳಲ್ಲಿ ನಿಮ್ಮ ಮನೆ ಎಲ್ಲಿದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಇದನ್ನು ನಾನು ತಡವಾಗಿ ಕಲಿತೆ.

ಸ್ಲೌನಲ್ಲಿ ನಾಲ್ಕೂ ಶಾಲೆಗೆ ಒಂದೇ ಪರೀಕ್ಷೆ, 111 ಬಂದರೆ ಪಾಸ್. ಪಕ್ಕದ ಬಕಿಂಗ್‌ಹ್ಯಾಮ್‌ಶೈರಿನ ಪರೀಕ್ಷೆಯೇ ಬೇರೆ, ಅಲ್ಲಿ 121 ಬೇಕು. ಇದು ನೂರಕ್ಕೆ ನೂರಾ ಹನ್ನೊಂದು ಅಲ್ಲ, ಗಾಬರಿ ಬೇಡ. ಬರೆದ ಮಕ್ಕಳನ್ನೆಲ್ಲ ಒಟ್ಟಿಗೆ ಇಟ್ಟು, ವಯಸ್ಸನ್ನೂ ಹಿಡಿದು ಸರಿಹೊಂದಿಸಿದ ಅಂಕ. ಆಗಸ್ಟ್‌ನಲ್ಲಿ ಹುಟ್ಟಿದ ಮಗುವಿಗೂ ಹಿಂದಿನ ಸೆಪ್ಟೆಂಬರ್‌ನಲ್ಲಿ ಹುಟ್ಟಿದ ಮಗುವಿಗೂ ಸುಮಾರು ಒಂದು ವರ್ಷದ ಅಂತರ, ಅದಕ್ಕೆ ಲೆಕ್ಕದಲ್ಲಿ ಜಾಗ ಇದೆ. ಹಾಗಾಗಿ “ನಿಮ್ಮವಳಿಗೆ ಎಷ್ಟು ಸರಿ ಆಗಿತ್ತು” ಎಂದು ಹೋಲಿಸುವುದು ದಂಡ.

ಮಗನಿಗೆ 114 ಬಂತು. ಮನೆಯಲ್ಲಿ ಕೇಸರಿಬಾತ್ ಮಾಡಿದೆವು. ಊರಿಗೆ ಫೋನ್ ಮಾಡಿ “ಪಾಸಾದ” ಎಂದು ಹೇಳಿಯೂ ಆಯಿತು. ಪಾಸಾದರೆ ಸಾಲಿನಲ್ಲಿ ನಿಲ್ಲಲು ಅರ್ಹತೆ ಬಂತು ಅಂತ ಅಷ್ಟೇ ಅರ್ಥ, ಸೀಟು ಬಂತು ಅಂತ ಅಲ್ಲ. ಸಾಲಿನಲ್ಲಿ ಯಾರು ಮುಂದೆ ಅನ್ನುವುದನ್ನು ಒಂದೊಂದು ಶಾಲೆ ಒಂದೊಂದು ರೀತಿ ತೀರ್ಮಾನಿಸುತ್ತದೆ. ಕೆಲವು ಕಡೆ ಅಂಕ, ಕೆಲವು ಕಡೆ ಮನೆಯಿಂದ ಶಾಲೆಗೆ ಇರುವ ದೂರ, ಕೆಲವು ಕಡೆ ಎರಡೂ. ಸೇಂಟ್ ಬರ್ನಾರ್ಡ್ಸ್ ಕ್ಯಾಥೊಲಿಕ್ ಶಾಲೆ, ಅಲ್ಲಿ ಮೊದಲ ಸಾಲು ಕ್ಯಾಥೊಲಿಕ್ ಮಕ್ಕಳದು. ಇದೆಲ್ಲ ಪ್ರತಿ ಶಾಲೆಯ ವೆಬ್‌ಸೈಟಿನಲ್ಲಿ ಅಡ್ಮಿಷನ್ ಪಾಲಿಸಿ ಎಂಬ ಕಾಗದದಲ್ಲಿ ಇರುತ್ತದೆ. ಮಗನಿಗೆ ಎರಡು ವರ್ಷ ಪುಸ್ತಕ ಓದಿಸಿದ ನಾನು ಆ ಕಾಗದವನ್ನು ಓದಿರಲಿಲ್ಲ.

ಅದಕ್ಕಿಂತ ದೊಡ್ಡ ತಪ್ಪು ಅರ್ಜಿಯಲ್ಲಿ ಮಾಡಿದೆ. ಪರೀಕ್ಷೆ ಸೆಪ್ಟೆಂಬರ್‌ನಲ್ಲಿ, ಫಲಿತಾಂಶ ಅಕ್ಟೋಬರ್‌ನಲ್ಲಿ. ಅಕ್ಟೋಬರ್ 31ರೊಳಗೆ ನೀವು ವಾಸ ಇರುವ ಊರಿನ ಕೌನ್ಸಿಲ್‌ಗೆ (ನಮ್ಮ ನಗರಸಭೆ ಥರದ ಸ್ಥಳೀಯ ಆಡಳಿತ) ಶಾಲೆಗಳ ಪಟ್ಟಿ ಕೊಡಬೇಕು, ಶಾಲೆ ಬೇರೆ ಕೌನ್ಸಿಲ್‌ನಲ್ಲಿ ಇದ್ದರೂ ಸರಿ. ನಾನು ಬರೀ ಗ್ರಾಮರ್ ಶಾಲೆಗಳನ್ನೇ ತುಂಬಿದೆ. ಮನೆ ಹತ್ತಿರದ ಸಾಮಾನ್ಯ ಶಾಲೆಯನ್ನು ಹಾಕಲಿಲ್ಲ. ಯಾಕೆಂದರೆ ನನಗಿಂತ ಮೊದಲು ಬಂದವರೊಬ್ಬರು ಹೇಳಿದ್ದರು: “ಅದನ್ನ ಹಾಕಿದ್ರೆ ಅದನ್ನೇ ಕೊಟ್ಟುಬಿಡ್ತಾರೆ ಕಣ್ರೀ.”

ಇದು ಶುದ್ಧ ಸುಳ್ಳು. ನೀವು ಬರೆದ ಕ್ರಮ ಶಾಲೆಗೆ ಗೊತ್ತಾಗುವುದೂ ಇಲ್ಲ, ಗೊತ್ತಾದರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ. ಪ್ರತಿ ಶಾಲೆ ತನ್ನ ನಿಯಮದಂತೆ ಮಕ್ಕಳ ಸಾಲು ಮಾಡಿ ಕೌನ್ಸಿಲ್‌ಗೆ ಕೊಡುತ್ತದೆ. ನಿಮ್ಮ ಮಗುವಿಗೆ ಎರಡು ಮೂರು ಕಡೆ ಜಾಗ ಇದ್ದರೆ, ನಿಮ್ಮ ಪಟ್ಟಿಯಲ್ಲಿ ಯಾವುದು ಮೇಲಿದೆಯೋ ಅದನ್ನು ಕೌನ್ಸಿಲ್ ಕೊಡುತ್ತದೆ, ಉಳಿದವು ಬೇರೆ ಮಕ್ಕಳಿಗೆ ಹೋಗುತ್ತವೆ. ಅಂದರೆ ನಿಮಗೆ ನಿಜವಾಗಿ ಇಷ್ಟವಾದದ್ದನ್ನು ಇಷ್ಟವಾದ ಕ್ರಮದಲ್ಲೇ ಬರೆಯಿರಿ. ಕೊನೆಯ ಸಾಲಿನಲ್ಲಿ, ಖಂಡಿತ ಸಿಗಬಹುದಾದ ಹತ್ತಿರದ ಶಾಲೆ ಒಂದಿರಲಿ. ಅದು ಮೇಲಿನ ಯಾವುದಕ್ಕೂ ಅಡ್ಡ ಬರುವುದಿಲ್ಲ.

ಮಾರ್ಚ್ 1ರಂದು ನಮಗೆ ಬಂದ ಈಮೇಲ್‌ನಲ್ಲಿದ್ದುದು ನಾನು ಹೆಸರೇ ಕೇಳಿರದ ಶಾಲೆ. ಎಲ್ಲಿ ಜಾಗ ಖಾಲಿ ಇತ್ತೋ ಅಲ್ಲಿಗೆ ಹಾಕಿದ್ದರು. ಎರಡು ಬಸ್ ಬದಲಿಸಿ ಹೋಗಬೇಕು. ಮನೆ ಎದುರಿನ ಶಾಲೆ ತುಂಬಿಹೋಗಿತ್ತು. ತಪ್ಪು ಕೌನ್ಸಿಲ್‌ದೂ ಅಲ್ಲ, ಮಗನದೂ ಅಲ್ಲ.

ಇನ್ನು ತಯಾರಿ. ಮಕ್ಕಳು ಸೋಲುವುದು ಗಣಿತದಲ್ಲಿ ಎಂದುಕೊಂಡಿದ್ದೆ. ನಮ್ಮ ಮಕ್ಕಳಿಗೆ ಮಗ್ಗಿ ಬರುತ್ತದೆ, ಗಣಿತ ಹೇಗೋ ಆಗುತ್ತದೆ. ಕಷ್ಟ ಪದಗಳದು. ಇಂಗ್ಲಿಷ್ ಮನೆಗಳಲ್ಲಿ ಊಟದ ಮೇಜಿನ ಮೇಲೆ ಓಡಾಡುವ ಪದಗಳು ನಮ್ಮ ಮನೆಗೆ ಬರುವುದೇ ಇಲ್ಲ. ಅದಕ್ಕೆ ಒಬ್ಬ ಟೀಚರ್ ನನಗೆ “ಮನೆಯಲ್ಲಿ ಕನ್ನಡ ಬಿಟ್ಟು ಇಂಗ್ಲಿಷ್ ಮಾತಾಡಿ” ಎಂದೂ ಹೇಳಿದ್ದರು. ಬಿಡಲಿಲ್ಲ. ಬಿಟ್ಟಿದ್ದರೂ ನನ್ನ ಇಂಗ್ಲಿಷಿನಲ್ಲಿ ಇರುವುದು ಆಫೀಸಿನ ಪದಗಳಷ್ಟೇ, ಅಲ್ವಾ? ಒಂದು ದಿನ ಮಗಳ ಪ್ರಶ್ನೆಯಲ್ಲಿ ‘ಸ್ಕ್ಯಾಬರ್ಡ್’ ಬಂತು. ಕತ್ತಿಯ ಒರೆ ಕಣೇ ಅಂದೆ. ಒರೆ ಅವಳಿಗೆ ಗೊತ್ತಿತ್ತು, ಅಜ್ಜಿ ಫೋನಿನಲ್ಲಿ ಹೇಳುವ ರಾಜನ ಕಥೆಗಳಿಂದ. ವಸ್ತು ಗೊತ್ತಿದ್ದವರಿಗೆ ಇನ್ನೊಂದು ಹೆಸರು ಕಲಿಸುವುದು ಅರ್ಧ ನಿಮಿಷದ ಕೆಲಸ. ನಾವು ಮಾಡಿದ್ದು ಇಷ್ಟೇ: ವಾರಕ್ಕೊಮ್ಮೆ ಲೈಬ್ರರಿ, ಹಳೇ ಕಾಲದ ಮಕ್ಕಳ ಕಾದಂಬರಿಗಳು, ಗೊತ್ತಿಲ್ಲದ ಪದ ಫ್ರಿಜ್ ಮೇಲಿನ ಚೀಟಿಗೆ. ಇದನ್ನು ಇಯರ್ ಫೋರ್‌ನಲ್ಲಿ, ಅಂದರೆ ಮಗುವಿಗೆ ಎಂಟು-ಒಂಬತ್ತು ವರ್ಷ ಇದ್ದಾಗಲೇ ಶುರು ಮಾಡಬೇಕು. ಕೊನೆಯ ಬೇಸಿಗೆಯಲ್ಲಿ ಪದ ತುಂಬಿಸಲು ಹೋದರೆ ನಿಲ್ಲುವುದಿಲ್ಲ.

ರೀಸನಿಂಗ್ ಮಾತ್ರ ಅಭ್ಯಾಸದಿಂದ ಬರುತ್ತದೆ. ಪ್ರಶ್ನೆಯ ಜಾತಿಗಳು ಕೆಲವೇ. ಇಂಥ ಪರೀಕ್ಷೆಗಳನ್ನು ತಯಾರಿಸುವ ಜಿಎಲ್ ಸಂಸ್ಥೆ ಮಾದರಿ ಪತ್ರಿಕೆಗಳನ್ನು ಪುಕ್ಕಟೆ ಕೊಡುತ್ತದೆ, ಅಲ್ಲಿಂದ ಶುರು ಮಾಡಿ. ನಂತರ ಬಾಂಡ್, ಸಿಜಿಪಿ ಪುಸ್ತಕಗಳು ಸಾಕು. “ಹಳೇ ಪ್ರಶ್ನೆಪತ್ರಿಕೆ ಇದೆ” ಎಂದು ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ, ಅಸಲಿ ಪತ್ರಿಕೆಗಳನ್ನು ಹೊರಗೆ ಬಿಡುವುದೇ ಇಲ್ಲ. ಉತ್ತರ ಗುರುತು ಮಾಡುವುದು ಬೇರೆ ಹಾಳೆಯಲ್ಲಿ, ಮೆಷಿನ್ ಓದುತ್ತದೆ. ಒಂದು ಪ್ರಶ್ನೆ ಬಿಟ್ಟು ಮುಂದೆ ಹೋದ ಮಗು ಹಾಳೆಯಲ್ಲಿ ಸಾಲು ಬಿಡುವುದನ್ನು ಮರೆತರೆ ಮುಂದಿನ ಇಪ್ಪತ್ತೂ ತಪ್ಪು. ಇದನ್ನು ಮನೆಯಲ್ಲೇ ಆ ಹಾಳೆಯ ಮೇಲೆ ಮಾಡಿಸಿ.

ನಮ್ಮವರಿಗೇ ಇರುವ ತೊಂದರೆ ಇನ್ನೊಂದು. ಪರೀಕ್ಷೆ ಬರುವುದು ಬೇಸಿಗೆ ರಜೆ ಮುಗಿದ ಬೆನ್ನಿಗೇ. ನಾವೆಲ್ಲ ಊರಿಗೆ ಹೋಗುವುದು ಅದೇ ರಜೆಯಲ್ಲಿ. “ಈ ವರ್ಷ ಹೋಗಬೇಕಾ ಬೇಡ್ವಾ” ಎಂದು ಗಂಡ ಹೆಂಡತಿ ಜಗಳ ಆಡುವ ಮನೆಗಳನ್ನು ನೋಡಿದ್ದೇನೆ. ಮಗನ ಸಲ ಹೋಗಲಿಲ್ಲ, ಆರು ವಾರ ಮನೆ ಜೈಲಾಗಿತ್ತು. ಮಗಳ ಸಲ ಮೂರು ವಾರ ಹೋಗಿ ಬಂದೆವು. ದಿನಕ್ಕೆ ಅರ್ಧ ಗಂಟೆ ಜಗಲಿಯ ಮೇಲೆ ಕೂತು ಮಾಡಿದಳು, ಉಳಿದ ಹೊತ್ತು ತೋಟ. ಆಗಸ್ಟ್ ಮಧ್ಯದೊಳಗೆ ವಾಪಸ್ ಬನ್ನಿ, ನಿದ್ದೆಯ ಹೊತ್ತು ಸರಿಹೋಗಲು ವಾರ ಬೇಕು. ಪರೀಕ್ಷೆಗೆ ಹೆಸರು ನೋಂದಾಯಿಸುವುದನ್ನು ಮಾತ್ರ ಹೊರಡುವ ಮೊದಲೇ ಮುಗಿಸಿ. ಅದು ಮೇ-ಜೂನ್ ಹೊತ್ತಿನ ಕೆಲಸ, ತಡವಾದರೆ ಮಗು ಆ ಸೆಪ್ಟೆಂಬರ್‌ನಲ್ಲಿ ಬರೆಯುವುದೇ ಕಷ್ಟ.

ಟ್ಯೂಷನ್? ಮಗನಿಗೆ ಎರಡು ವರ್ಷ, ಪ್ರತಿ ಶನಿವಾರ. ಮಗಳಿಗೆ ಇಲ್ಲ. ಹೊಸ ಹಾಲ್‌ನಲ್ಲಿ, ಗುರುತಿಲ್ಲದ ಮಕ್ಕಳ ಮಧ್ಯೆ ಮೂರು ಮಾಕ್ ಟೆಸ್ಟ್ ಮಾತ್ರ ಬರೆಸಿದೆ. ಇದರಿಂದ ಟ್ಯೂಷನ್ ಬೇಡ ಅಂತ ನಾನು ಹೇಳುತ್ತಿಲ್ಲ. ಅಣ್ಣನ ಪುಸ್ತಕಗಳು ಮನೆಯಲ್ಲಿದ್ದವು, ಅಪ್ಪ ಒಮ್ಮೆ ಏಟು ತಿಂದಿದ್ದ. ಇಬ್ಬರೂ ದುಡಿಯುವ ಮನೆಯಲ್ಲಿ ಕೂತು ಹೇಳಿಕೊಡಲು ಹೊತ್ತಿಲ್ಲದಿದ್ದರೆ ಹಾಕಿ.

ಮಗನ ಹೆಸರನ್ನು ಮನೆ ಎದುರಿನ ಶಾಲೆಯ ವೇಟಿಂಗ್ ಲಿಸ್ಟ್‌ನಲ್ಲಿ ಇಟ್ಟಿದ್ದೆವು. ಕೊಟ್ಟ ಸೀಟನ್ನು ಒಪ್ಪಿಕೊಂಡೇ ಇದನ್ನು ಮಾಡಬಹುದು, ಒಪ್ಪಿಕೊಳ್ಳುವುದರಿಂದ ನಷ್ಟವಿಲ್ಲ. ಜುಲೈನಲ್ಲಿ ಕರೆ ಬಂತು, ಅಲ್ಲೇ ಸೇರಿದ. ಗ್ರಾಮರ್ ಶಾಲೆಗಳು ಹದಿನಾರಕ್ಕೆ, ಜಿಸಿಎಸ್‌ಇ (ನಮ್ಮ ಎಸ್ಸೆಸ್ಸೆಲ್ಸಿ ಥರದ ಪರೀಕ್ಷೆ) ಅಂಕದ ಮೇಲೆ, ಸಿಕ್ಸ್ತ್ ಫಾರ್ಮ್‌ಗೆ (ಪಿಯುಸಿ ಥರದ ಎರಡು ವರ್ಷ) ಹೊರಗಿನ ಮಕ್ಕಳನ್ನು ತೆಗೆದುಕೊಳ್ಳುತ್ತವೆ. ಅಂಕ ಸಾಕಷ್ಟು ಇತ್ತು, ಹೋದ ವರ್ಷ “ಹಾಕ್ತೀಯೇನೋ” ಎಂದು ಕೇಳಿದೆ.

“ಬೇಡ ಅಪ್ಪ, ಇಲ್ಲಿ ಟೀಮಲ್ಲಿ ಓಪನಿಂಗ್ ನಂದೇ,” ಅಂದ.