ಪುಣೆಯ ಮಳೆಯಲ್ಲಿ ಗಜಾನಿಯಾ ಉಳಿಸಿಕೊಳ್ಳುವುದು

ಗಜಾನಿಯಾ ಬಿಸಿಲಿಗೆ ಜಗ್ಗುವ ಹೂಗಿಡವಲ್ಲ. ಪುಣೆಯಲ್ಲಿ ಅದನ್ನು ಕೊಲ್ಲುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ. ದಕ್ಷಿಣ ಆಫ್ರಿಕಾ ಮೂಲದ ಗಿಡ, ಬುಡದಲ್ಲಿ ನೀರು ನಿಲ್ಲಲೇಬಾರದು. ಇಲ್ಲಿನ ಕರಿಮಣ್ಣಲ್ಲಿ ನೇರ ನೆಟ್ಟರೆ ನಡುಸುಳಿ ಕೊಳೆತು, ಎಲೆ ಹಿಡಿದೆಳೆದರೆ ಕೈಗೇ ಕಿತ್ತು ಬರುತ್ತದೆ. ಆಮೇಲೆ ಯಾವ ಔಷಧಿ ಹೊಡೆದರೂ ದಂಡ.

8 ಇಂಚಿನ ಕುಂಡಕ್ಕೆ ಎರಡು ಪಾಲು ಕೆಂಪು ಮಣ್ಣು (ನರ್ಸರಿಯಲ್ಲಿ ‘ಲಾಲ್ ಮಾತಿ’ ಅಂತ ಕೇಳಿ), ದಪ್ಪ ಮರಳು, ಹಳೆಯ ಗೊಬ್ಬರ ಒಂದೊಂದು ಪಾಲು. ಸುಳಿ ಮಣ್ಣಿಗಿಂತ ತುಸು ಮೇಲಿರಲಿ. ಬೀಜವಾದರೆ ಅಕ್ಟೋಬರಿನಲ್ಲಿ ತೆಳ್ಳಗೆ ಮಣ್ಣು ಮುಚ್ಚಿ ಬಿತ್ತಿ. ಬೆಳಕು ಬಿದ್ದರೆ ಮೊಳೆಯಲು ಸತಾಯಿಸುತ್ತದೆ.

ಮೋಡದ ದಿನ ಹೂ ಮುಚ್ಚಿಕೊಳ್ಳುವುದು ರೋಗವಲ್ಲ, ಸ್ವಭಾವ. ಬಿಸಿಲಿದ್ದೂ ಬರೀ ಎಲೆ ಸೊಕ್ಕಿದರೆ ಯೂರಿಯಾ ನಿಲ್ಲಿಸಿ. ಬಾಡಿದ ಹೂವನ್ನು ತೊಟ್ಟಿನ ಬುಡದಿಂದಲೇ ಚಿವುಟಿ. ಮಳೆಗಾಲದಲ್ಲಿ ಕುಂಡವನ್ನು ಸಜ್ಜಾದಡಿ ಸರಿಸಿ, ಬೆಳಕು ಮಾತ್ರ ತಪ್ಪಿಸಬೇಡಿ.