ಸಾಲಾಗಿ ಹನ್ನೊಂದು ಸೋಲು

12 ಜನವರಿ 2026, ಸೋಮವಾರ
ತುಮಕೂರು

ನಿನ್ನೆ ರಾತ್ರಿ ಹತ್ತು ಗಂಟೆಗೆ ಬಾಮೈದ ಫೋನ್ ಮಾಡಿದ್ದ. ದನಿಯಲ್ಲೇ ಖುಷಿ ಗೊತ್ತಾಗುತ್ತಿತ್ತು. "ಭಾವ, ಈ ಸಲ ಕುದುರೆ ರೇಸಿಗೆ ಒಂದು ಲೆಕ್ಕ ಹಿಡಿದಿದ್ದೀನಿ. ಮೊದಲು ನೂರು ಹಾಕೋದು. ಸೋತರೆ ಇನ್ನೂರು. ಅದೂ ಹೋದರೆ ನಾನೂರು. ಯಾವತ್ತಾದರೂ ಒಂದು ಕುದುರೆ ಗೆಲ್ಲಲೇಬೇಕಲ್ಲ, ಅವತ್ತು ಹಿಂದಿನದೆಲ್ಲ ವಾಪಸ್." ನಾನು ಆಗ ಏನೂ ಹೇಳಲಿಲ್ಲ. ಬೆಟ್ ಬರೆದಿಡುವ ನನ್ನ ನೋಟ್‌ಬುಕ್ ನೋಡಿ ಹೇಳ್ತೀನಿ ಇರು ಅಂದೆ.

ಇವತ್ತು ಅಂಗಡಿ ಬೇಗ ಮುಚ್ಚಿ ಬಂದೆ. ಈ ವಾರ ಸಂಕ್ರಾಂತಿ, ಮನೆ ತುಂಬಾ ಅವರೆಕಾಯಿ ಸೊಗಡು. ನೆನೆಸಿದ ಕಾಳಿನ ಪಾತ್ರೆ ಮುಂದಿಟ್ಟುಕೊಂಡು ನಾನೂ ಇವಳೂ ಹಿತಕಲು ಕೂತೆವು. ಪಿಯುಸಿ ಓದುವ ಮಗಳ ಕೈಗೆ ನೋಟ್‌ಬುಕ್ ಕೊಟ್ಟು, ಹೋದ ವರ್ಷದ್ದು ಪೂರ್ತಿ ಕೂಡಮ್ಮಾ ಅಂದೆ.

2025ರಲ್ಲಿ ಒಟ್ಟು 84 ಬೆಟ್. ಎಲ್ಲವೂ ವಿನ್, ಅಂದರೆ ಕುದುರೆ ಮೊದಲು ಬಂದರೆ ಮಾತ್ರ ದುಡ್ಡು, ಒಂದೊಂದಕ್ಕೂ ನೂರು ರೂಪಾಯಿ. ಗೆದ್ದದ್ದು 19. ಹಾಕಿದ್ದು 8,400, ಕೈಗೆ ಬಂದದ್ದು 7,310. ಅಂದರೆ 1,090 ಹೋಗಿದೆ. ಬೆಂಗಳೂರಿಗೆ ರೈಲು ಚಾರ್ಜು, ಗೇಟಿನ ಟಿಕೆಟ್ಟು, ರೇಸ್ ಬುಕ್ಕು ಇದರಲ್ಲಿ ಸೇರಿಲ್ಲ.

ಆಮೇಲೆ ಮಗಳು ಒಂದು ಪುಟದ ಹತ್ತಿರ ನಿಂತಳು. "ಅಪ್ಪಾ, ಇಲ್ಲಿ ಒಂದೂ ಟಿಕ್ ಇಲ್ವಲ್ಲ." ಜುಲೈ ತಿಂಗಳ ಪುಟ. ಸಾಲಾಗಿ 11 ಸೋಲು. ಅವತ್ತಿನ ಹೊಟ್ಟೆಯುರಿ ನನಗೆ ಇನ್ನೂ ನೆನಪಿದೆ. ಆದರೆ ಲೆಕ್ಕ ಹಾಕಿ ನೋಡಿದರೆ ಅದರಲ್ಲಿ ಅಂಥ ವಿಶೇಷ ಏನೂ ಇಲ್ಲ. ನೂರರಲ್ಲಿ 23 ಸಲ ಗೆಲ್ಲುವವನಿಗೆ 84 ಬೆಟ್‌ನಲ್ಲಿ ಇಂಥದ್ದೊಂದು ಸಾಲು ಬರುವುದು ಮಾಮೂಲು.

ಬಾಮೈದನ ಲೆಕ್ಕವನ್ನು ಆ ಪುಟದ ಮೇಲೆ ಇಟ್ಟು ನೋಡಿದೆವು. 100, 200, 400, 800 ಅಂತ ಡಬಲ್ ಮಾಡುತ್ತಾ ಹೋದರೆ ಹನ್ನೊಂದನೇ ಸೋಲಿಗೆ ಒಟ್ಟು 2,04,700 ರೂಪಾಯಿ ಹೋಗಿರುತ್ತಿತ್ತು. ಹನ್ನೆರಡನೇ ಬೆಟ್‌ಗೆ 2,04,800 ಬೇಕು, ಅದೂ ಒಂದಕ್ಕೆ ಒಂದು ಲಾಭ ಕೊಡುವ ಕುದುರೆ ಗೆದ್ದರೆ ಕೊನೆಗೆ ಉಳಿಯುವುದು ನೂರು ರೂಪಾಯಿ. ಇವಳು ಕಾಳು ಹಿತಕುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಹೀಗೆ ಡಬಲ್ ಮಾಡುವುದಕ್ಕೆ ಮಾರ್ಟಿಂಗೇಲ್ ಅನ್ನುತ್ತಾರೆ, ಬಹಳ ಹಳೆಯ ಪದ್ಧತಿ. ಜನ ಮರೆಯುವುದು ಇನ್ನೊಂದಿದೆ. ಫೇವರಿಟ್, ಅಂದರೆ ಗೆಲ್ಲುತ್ತದೆ ಅಂತ ಜನ ಹೆಚ್ಚು ನಂಬಿದ ಕುದುರೆಗೆ ಎಷ್ಟೋ ಸಲ ಐದು ಹಾಕಿದರೆ ನಾಲ್ಕೇ ಲಾಭ. ಸಾಲಾಗಿ ಮೂರು ಅಥವಾ ಹೆಚ್ಚು ಸೋತ ಮೇಲೆ ಅಂಥ ಕುದುರೆ ಗೆದ್ದರೂ ಡಬಲ್ ಹಾಕಿದ ದುಡ್ಡಿಂದ ಹಿಂದಿನದು ಪೂರ್ತಿ ತುಂಬುವುದಿಲ್ಲ. ಟೋಟ್‌ನಲ್ಲಂತೂ ಎಲ್ಲರ ದುಡ್ಡು ಒಟ್ಟು ಮಾಡಿ, ಕಡಿತ ತೆಗೆದು, ಉಳಿದದ್ದನ್ನು ಗೆದ್ದವರಿಗೆ ಹಂಚುತ್ತಾರೆ. ಎಷ್ಟು ಬರುತ್ತದೆ ಅನ್ನುವುದು ಬೆಟ್ ಹಾಕುವಾಗ ನಿಖರವಾಗಿ ಗೊತ್ತೇ ಇರುವುದಿಲ್ಲ, ನಾವೇ ಜಾಸ್ತಿ ಹಾಕಿದರೆ ನಮ್ಮ ಕುದುರೆಯ ಡಿವಿಡೆಂಡ್, ಅಂದರೆ ಗೆದ್ದರೆ ಸಿಗುವ ಪಾಲು, ನಾವೇ ಇಳಿಸಿದ ಹಾಗೆ.

ಇದ್ದ ದುಡ್ಡಿನಲ್ಲಿ ನೂರಕ್ಕೆ ಒಂದು ಪಾಲು ಹಾಕುವ ದಾರಿಯೂ ಇದೆ. ದುಡ್ಡು ಕರಗಿದ ಹಾಗೆ ಬೆಟ್ ಕೂಡ ಸಣ್ಣದಾಗುತ್ತದೆ, ಒಂದೇ ಏಟಿಗೆ ಮುಳುಗುವುದಿಲ್ಲ. ಒಳ್ಳೆಯ ಪದ್ಧತಿಯೇ. ನನ್ನ ಪುಟ್ಟ ಗಂಟಿಗೆ ಆ ತಲೆನೋವು ಬೇಡ ಅನ್ನಿಸಿತು.

ನಾನು ಜಾಸ್ತಿ ಯೋಚನೆ ಮಾಡಿದ್ದು, ಇದ್ದ ದುಡ್ಡಿನಲ್ಲಿ ಎಷ್ಟು ಪಾಲು ಹಾಕಬೇಕು ಅಂತ ಹೇಳುವ ಕೆಲ್ಲಿ ಸೂತ್ರದ ಬಗ್ಗೆ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದ ಜಾನ್ ಕೆಲ್ಲಿ 1956ರಲ್ಲಿ ಬರೆದದ್ದು. ಒಂದಕ್ಕೆ ನಾಲ್ಕು ಲಾಭ ಕೊಡುವ ಕುದುರೆ, ಅದು ಗೆಲ್ಲುವ ಸಾಧ್ಯತೆ ನಿಜವಾಗಿಯೂ ನೂರಕ್ಕೆ 25 ಇದ್ದರೆ, ಕೈಯಲ್ಲಿರುವ ದುಡ್ಡಿನ ಶೇ 6.25 ಹಾಕಬಹುದು ಅನ್ನುತ್ತದೆ ಲೆಕ್ಕ. ಆರು ಸಾವಿರ ಇದ್ದರೆ 375 ರೂಪಾಯಿ. ಅದೇ ಕುದುರೆಯ ಸಾಧ್ಯತೆ 25 ಅಲ್ಲ, 20 ಅಂತಾದರೆ? ಉತ್ತರ ಸೊನ್ನೆ. ಹಾಕಲೇಬಾರದು. ಬರೀ ಐದರ ವ್ಯತ್ಯಾಸ, ಅಲ್ವಾ? ರೇಸಿಗೆ ಮುಂಚೆ ಕುದುರೆಗಳನ್ನು ನಡೆಸಿ ತೋರಿಸುವ ಪ್ಯಾಡಕ್‌ನಲ್ಲಿ ನಿಂತು ಕುದುರೆಯ ನಡಿಗೆ, ಮೈಬೆವರು ನೋಡಿ, ಇದು 25, ಇದು 20 ಅಂತ ಬೇರೆ ಮಾಡುವ ಕಣ್ಣು ನನಗಿಲ್ಲ. ಅಷ್ಟೇ ಅಲ್ಲ, ನನ್ನ 84 ಬೆಟ್‌ಗಳನ್ನೇ ಆ ಸೂತ್ರಕ್ಕೆ ಹಾಕಿಸಿದೆ. ಉತ್ತರ ಸೊನ್ನೆಗಿಂತ ಕೆಳಗೆ ಬಂತು. ಎರಡು ಸಲ ಮಾಡಿಸಿದೆ. ಎರಡು ಸಲವೂ ಅದೇ.

ತೆರಿಗೆ ಬೇರೆ ಇದೆ. ಹೋದ ಸೆಪ್ಟೆಂಬರ್ 22ರಿಂದ ರೇಸ್ ಬೆಟ್ಟಿಂಗ್ ಮೇಲಿನ ಜಿಎಸ್‌ಟಿ ಶೇ 28 ಇದ್ದದ್ದು ಶೇ 40 ಆಗಿದೆ. ಗೆದ್ದ ದುಡ್ಡಿಗೆ ಶೇ 30 ಆದಾಯ ತೆರಿಗೆ, ಹತ್ತು ಸಾವಿರ ದಾಟಿದ ಗೆಲುವಾದರೆ ಅಲ್ಲೇ ಹಿಡಿದುಕೊಳ್ಳುತ್ತಾರೆ. ಸೋತದ್ದನ್ನು ಗೆದ್ದದ್ದರಲ್ಲಿ ಕಳೆದು ತೋರಿಸುವ ಹಾಗಿಲ್ಲ. ಡಬಲ್ ಹಾಕುವವನು ಇದನ್ನು ಯೋಚಿಸಲೇಬೇಕು. ಹನ್ನೊಂದು ಸೋಲು ಪೂರ್ತಿ ಅವನದು, ಹನ್ನೆರಡನೇ ಬೆಟ್ ಗೆದ್ದರೆ ಆ ಗೆಲುವಿನಲ್ಲಿ ಸರ್ಕಾರಕ್ಕೂ ಪಾಲು.

ಬಾಮೈದ ಯಾವಾಗಲೂ ಒಂದು ಮಾತು ಹೇಳುತ್ತಾನೆ, ಕುದುರೆ ರೇಸ್ ಅದೃಷ್ಟದ ಆಟ ಅಲ್ಲ, ಕೌಶಲದ ಆಟ ಅಂತ 1996ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ ಅಂತ. ಹೌದು, ಹೇಳಿದೆ. ಆದರೆ ಕುದುರೆ ಆರಿಸುವ ಕೌಶಲ ಇಲ್ಲದ ಕಡೆ, ದುಡ್ಡನ್ನು ಹೇಗೆ ಜೋಡಿಸಿದರೂ ಸೋಲು ಲಾಭ ಆಗುವುದಿಲ್ಲ. ಎಷ್ಟು ದಿನದಲ್ಲಿ ಖಾಲಿ ಆಗುತ್ತೇವೆ ಅನ್ನುವುದಷ್ಟೇ ಬದಲಾಗುತ್ತದೆ.

"ಲಾಭ ಬರಲ್ಲ ಅಂತ ನಿಮಗೇ ಗೊತ್ತಾಯ್ತಲ್ಲ, ಮತ್ಯಾಕ್ರೀ ಹೋಗೋದು?" ಅಂದಳು ಇವಳು. ನ್ಯಾಯವಾದ ಪ್ರಶ್ನೆ. ನನ್ನ ಸೋದರಮಾವ ಕುಣಿಗಲ್ ಸ್ಟಡ್ ಫಾರ್ಮ್‌ನಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದರು. ಟಿಪ್ಪು ಕಾಲದಿಂದ ಕುದುರೆ ಸಾಕಿದ ಜಾಗ ಅದು. ಬೇಸಿಗೆ ರಜೆಯಲ್ಲಿ ನಾನು ಅವರ ಮನೆಗೆ ಹೋದರೆ ಬೆಳಿಗ್ಗೆ ತಾಯಿಯ ಪಕ್ಕ ಓಡುವ ಮರಿಗಳನ್ನು ಬೇಲಿ ಹಿಡಿದು ನೋಡುತ್ತಾ ತಿಂಡಿಯನ್ನೂ ಮರೆಯುತ್ತಿದ್ದೆ. ಕೊನೆಯ ಇನ್ನೂರು ಮೀಟರಲ್ಲಿ ಕುದುರೆಗಳು ಬರುವ ಸದ್ದು ಕೇಳಿದರೆ ಈಗಲೂ ಅದೇ ಆಗುತ್ತದೆ. ಅದನ್ನೇ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಅದಕ್ಕೆ ಎಷ್ಟು ಅಂತ ಈಗಲೇ ಹೇಳಿ" ಅಂದಳು.

ಈ ವರ್ಷಕ್ಕೆ ಆರು ಸಾವಿರ, ಒಂದು ಡಬ್ಬಿಯಲ್ಲಿ. ಒಂದು ಬೆಟ್‌ಗೆ ನೂರು, ಸೋತರೂ ನೂರು, ಗೆದ್ದರೂ ನೂರು. ಅರವತ್ತು ಬೆಟ್ ಆಯಿತು. ದಿನಕ್ಕೆ ಎರಡಕ್ಕಿಂತ ಜಾಸ್ತಿ ಇಲ್ಲ, ಕೊನೆಯ ರೇಸಲ್ಲಿ ಹೋದದ್ದನ್ನು ಎತ್ತುವ ಬೆಟ್ ಇಲ್ಲವೇ ಇಲ್ಲ. ಗೆದ್ದ ದುಡ್ಡು ಮನೆಗೆ, ಮತ್ತೆ ಡಬ್ಬಿಗೆ ಹೋಗುವ ಹಾಗಿಲ್ಲ. ಆಗಸ್ಟಲ್ಲೇ ಮುಗಿದರೆ ಮುಂದಿನ ಜನವರಿ ತನಕ ಬರೀ ನೋಡುವುದು. ಇದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಮಗಳ ಕೈಯಲ್ಲೇ ಬರೆಸಿದೆ, ಡಬ್ಬಿ ಇವಳ ಹತ್ತಿರ ಇರುತ್ತದೆ.

ಬಾಮೈದನಿಗೆ ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಜುಲೈ ಪುಟದ ಫೋಟೊ ತೆಗೆದು, ಪಕ್ಕದಲ್ಲಿ 2,04,700 ಅಂತ ಕೆಂಪು ಪೆನ್ನಲ್ಲಿ ಬರೆದು ವಾಟ್ಸಾಪ್‌ಗೆ ಹಾಕಿದ್ದೇನೆ. ನೀಲಿ ಟಿಕ್ ಇನ್ನೂ ಬಂದಿಲ್ಲ. ನಾಳೆ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಇನ್ನೊಂದು ಸಲ ಫೋನ್ ಮಾಡುತ್ತೇನೆ.