ಕುಲ್ಫಿಯಲ್ಲಿ ಹರಳು

ಕಲಬುರಗಿಯ ಮೇ ತಿಂಗಳ ಬಿಸಿಲು. ಮಧ್ಯಾಹ್ನ ಕರೆಂಟು ಹೋಗಿ ಫ್ರೀಜರಿನ ಕುಲ್ಫಿ ಕರಗಿತು. ರಾತ್ರಿ ಮತ್ತೆ ಗಟ್ಟಿಯಾಯಿತು. ಮಗಳು ಬಾಯಿಗಿಟ್ಟು, "ಅಪ್ಪಾ, ಮರಳು ಮರಳು ಇದೆ" ಅಂದಳು. ಸರಿಯಾಗೇ ಹೇಳಿದಳು. ಕರಗಿ ಮತ್ತೆ ಹೆಪ್ಪುಗಟ್ಟುವಾಗ ಐಸಿನ ಹರಳುಗಳು ದೊಡ್ಡದಾಗಿ ಬೆಳೆಯುತ್ತವೆ.

ಆಗ ಅಂಟಾರ್ಕ್ಟಿಕಾದ ಮೀನುಗಳು ನೆನಪಾದವು. ಅಲ್ಲಿನ ಸಮುದ್ರದ ನೀರು ಸುಮಾರು ಮೈನಸ್ 1.9 ಡಿಗ್ರಿ. ಮಾಮೂಲಿ ಮೀನಿನ ರಕ್ತ ಅಷ್ಟು ಚಳಿಗೆ ಹೆಪ್ಪುಗಟ್ಟಿಬಿಡುತ್ತದೆ. ಇವು ಆರಾಮಾಗಿ ಈಜುತ್ತವೆ! ಕಾರಣ ಹುಡುಕಿದವರು ವಿಜ್ಞಾನಿ ಆರ್ಥರ್ ಡಿವ್ರೀಸ್, 1960ರ ದಶಕದಲ್ಲಿ. ರಕ್ತದಲ್ಲಿ ಸಕ್ಕರೆ ಅಂಟಿಕೊಂಡ ಒಂದು ಬಗೆಯ ಪ್ರೋಟೀನ್ ಇದೆ. ಅದು ಉಪ್ಪಿನ ಹಾಗೆ ಸುಮ್ನೆ ನೀರಲ್ಲಿ ಕರಗಿ ಹೆಪ್ಪುಗಟ್ಟುವುದನ್ನು ತಡೆಯುವುದಲ್ಲ. ಪುಟ್ಟ ಐಸ್ ಹರಳು ಹುಟ್ಟಿದ ಕೂಡಲೇ ಅದರ ಮೈಗೇ ಅಂಟಿ ಕೂರುತ್ತದೆ. ಹರಳು ಅಲ್ಲಿಗೇ ನಿಲ್ಲುತ್ತದೆ. ಎಷ್ಟು ಚೆಂದದ ಉಪಾಯ ಅಲ್ವಾ?

ಸಮುದ್ರದಾಳದ ಗ್ಯಾಸ್ ಪೈಪುಗಳಲ್ಲಿ ಇನ್ನೊಂದು ತರಹದ ಹರಳು ಬೆಳೆಯುತ್ತದೆ, ಗ್ಯಾಸ್ ಹೈಡ್ರೇಟ್. ಒತ್ತಡ ಜಾಸ್ತಿ ಇದ್ದರೆ ನೀರು ಮೀಥೇನ್ ಅನಿಲವನ್ನು ಪಂಜರದ ಹಾಗೆ ಸುತ್ತುವರಿದು ಗಟ್ಟಿಯಾಗುತ್ತದೆ. ಸೊನ್ನೆ ಡಿಗ್ರಿಗಿಂತ ಮೇಲೂ! ಪೈಪೇ ಕಟ್ಟಿಕೊಳ್ಳುತ್ತದೆ. ಅದನ್ನು ತಡೆಯಲು ಮೆಥನಾಲ್ ಎಂಬ ಒಂದು ಬಗೆಯ ಆಲ್ಕೋಹಾಲ್ ಸುರಿಯುತ್ತಾರೆ. ಅದು ವಿಷ, ರಾಶಿಗಟ್ಟಲೆ ಬೇಕು. ಐಸ್ ತಡೆಯುವ ಇಂಥ ಕೆಲವು ಪ್ರೋಟೀನುಗಳು ಪ್ರಯೋಗಗಳಲ್ಲಿ ಹೈಡ್ರೇಟ್ ಬೆಳೆಯುವುದನ್ನೂ ನಿಧಾನ ಮಾಡಿವೆ. ಐಸಿಗೆಂದು ಹುಟ್ಟಿದ್ದು ಬೇರೆ ಹರಳನ್ನೂ ಹಿಡಿಯಿತಲ್ಲ, ಅದೇ ನನಗೆ ದೊಡ್ಡ ಬೆರಗು.

ಮಗಳಿಗೆ ಮೀನಿನ ಕತೆ ಹೇಳಿದೆ. "ಅದಕ್ಕೆ ಚಳಿಯಾಗಲ್ವಾ?" ಅಂತ ಕೇಳುತ್ತಲೇ ಮರಳು ಕುಲ್ಫಿ ಪೂರ್ತಿ ತಿಂದು ಮುಗಿಸಿದಳು.